ಸಂಘ ಬಿಟ್ಟವರ ಪಟ್ಟಿ

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಬಂದೇ ಹೋಗಬಹುದಿತ್ತು. ಫೋನಿನಲ್ಲಂತೂ ನಮ್ಮಿಬ್ಬರ ಮಾತು ಊಟ, ನಿದ್ದೆ, ಬಿ.ಪಿ. ಮಾತ್ರೆ ದಾಟುವುದೇ ಇಲ್ಲ. ಇವತ್ತು ಔಷಧಿ ಅಂಗಡಿಗೆ ರಜೆ. ಅರ್ಧ ಶಟರ್ ಎಳೆದು ಕೌಂಟರಿನ ಹಿಂದೆ ಕೂತು ಬರೆಯುತ್ತಿದ್ದೇನೆ.

ಭಾವನ ಕೆಮ್ಮು ಕಡಿಮೆಯಾಯಿತೇ? ಕಳಿಸಿದ ಸಿರಪ್ಪನ್ನು ಊಟವಾದ ಮೇಲೆಯೇ ಕುಡಿಯಲಿ.

ಸಂಘದ ಸುದ್ದಿ ಕೇಳಿದ್ದೀಯ. ಏನು ಹೇಳಲಿ? ಅಧ್ಯಕ್ಷೆಯಾಗಿ ಒಂದೂವರೆ ವರ್ಷದಲ್ಲಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಐವತ್ನಾಲ್ಕು ಜನ ಆರ್ಕಿಡ್ ಬೆಳೆಗಾರರಿದ್ದ ಸಂಘ ಮೂವತ್ತೊಂದಕ್ಕೆ ಇಳಿದಿದೆ. ಜನವರಿ ಸಭೆಗೆ ಬಂದವರು ಒಂಬತ್ತು ಮಂದಿ. ಗ್ರಂಥಾಲಯದ ಮಹಡಿಯಲ್ಲಿ ಅದೇ ಸಾಲು ಕುರ್ಚಿ, ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಕೂರುವುದು. ನೀನು ಲ್ಯಾಟಿನ್ ಮಾವ ಎಂದು ಹೆಸರಿಟ್ಟೆಯಲ್ಲ, ಆ ನಿವೃತ್ತ ಸರ್ವೇಯರು ಮುಕ್ಕಾಲು ಗಂಟೆ ಚಿತ್ರ ತೋರಿಸಿದರು. ಒಂದು ಹೂವಿಗೂ ಬಾಯಿಗೆ ಬರುವಂಥ ಹೆಸರಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆದರು, ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

ಸಮಿತಿಯಲ್ಲಿ ನಾನು ಕೇಳಿದ್ದೇನು ಮಹಾ? ಕುರ್ಚಿಗಳನ್ನು ದುಂಡಗೆ ಹಾಕೋಣ, ಚಹಾ ಮೊದಲೇ ಕೊಡೋಣ, ಹೊಸಬರು ಸೊರಗಿದ ಗಿಡ ತಂದರೆ ನೋಡಿ ಹೇಳಲು ಒಂದು ಮೇಜು ಇಡೋಣ.

“ಮೂವತ್ತು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆಯಲ್ಲಮ್ಮ,” ಎಂದರು ಮಾವ.

“ನಡೀತಾ ಇಲ್ಲ ಮಾವ, ನಿಂತುಬಿಟ್ಟಿದೆ,” ಎಂದೆ.

ಕೊನೆಗೆ ಕುರ್ಚಿಯ ವಿಷಯ ಪರಿಶೀಲಿಸಲು ಮೂರು ಜನರ ಉಪಸಮಿತಿ ನೇಮಿಸಿದರು. ಕುರ್ಚಿಗೆ ಉಪಸಮಿತಿ, ಅಕ್ಕ.

ಆ ಸಿಟ್ಟಿನಲ್ಲೇ ಸದಸ್ಯರ ಪುಸ್ತಕವನ್ನು ಮನೆಗೆ ತಂದು, ಸಂಘ ಬಿಟ್ಟವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ಯಾಕೆ ಬಿಟ್ಟಿರಿ? ಕೆಲವರು ಪುರುಸೊತ್ತಿಲ್ಲ ಎಂದು ಜಾರಿಕೊಂಡರು. ಒಬ್ಬ ನರ್ಸ್ ಮಾತ್ರ, “ಮೂರು ಸಭೆಗೆ ಬಂದೆ. ಕೂತ್ಕೊಳ್ಳಿ ಅಂತ ಒಬ್ರೂ ಅನ್ನಲಿಲ್ಲ,” ಎಂದಳು. ಒಬ್ಬ ಬಸ್ ಚಾಲಕ ಬೇರು ಕೊಳೆತ ಗಿಡ ತಂದಿದ್ದನಂತೆ. ಮಾವ ಅದನ್ನು ಎಲ್ಲರೆದುರು ಎತ್ತಿ ಹಿಡಿದು, “ಗಿಡ ಕೊಲ್ಲೋದು ಹೇಗೆ ಅಂತ ನೋಡ್ಕೊಳ್ಳಿ,” ಎಂದರಂತೆ. ಅವರನ್ನು ಮನಸ್ಸಿನಲ್ಲೇ ಚೆನ್ನಾಗಿ ಝಾಡಿಸಿದೆ.

ಆದರೆ ಮರುದಿನ ಒಬ್ಬ ಟೈಲರಮ್ಮನಿಗೆ ಫೋನ್ ಮಾಡಿದಾಗ ಆಕೆ, “ಯಾಕೆ ಅಂತ ನಿಮಗೆ ಗೊತ್ತಿಲ್ವ ಮೇಡಂ?” ಎಂದಳು. ತನಗೆ ಹುಟ್ಟುಹಬ್ಬಕ್ಕೆ ಬಂದ ಗಿಡವನ್ನು ಸಂಘದ ಪ್ರದರ್ಶನಕ್ಕೆ ತಂದಿದ್ದಳು. ಅದನ್ನು ನೋಡಿ “ಅಂಗಡಿ ಗಿಡ ಎಲ್ಲ ಇಲ್ಲಿ ಇಡಲ್ಲ” ಎಂದವಳು ನಾನೇ. ನನಗೆ ನೆನಪೇ ಇಲ್ಲ. ಆಕೆಗೆ ನಾನು ಉಟ್ಟಿದ್ದ ಸೀರೆಯ ಬಣ್ಣವೂ ನೆನಪಿದೆ.

ಫೆಬ್ರವರಿ ಸಮಿತಿಯಲ್ಲಿ ಬಿಟ್ಟವರು ಹೇಳಿದ್ದೆಲ್ಲವನ್ನೂ ಓದಿದೆ, ನನ್ನ ತಪ್ಪನ್ನೇ ಮೊದಲು. ಮಾವನ ಮುಖ ಕೆಂಪಗಾಯಿತು.

“ಹೋದೋರ ಮಾತು ಕಟ್ಕೊಂಡು ಇರೋರನ್ನ ಕಳ್ಕೋತೀಯ,” ಎಂದರು.

“ಇರೋರು ಯಾರಿದ್ದಾರೆ ಮಾವ?” ಎಂದೆ. ಧ್ವನಿ ಸ್ವಲ್ಪ ಜೋರಾಯಿತು. ಕೈ ಎತ್ತಿಸಿದಾಗ ದುಂಡು ಕುರ್ಚಿಗೆ ಒಂದೇ ಒಂದು ಮತ ಹೆಚ್ಚು ಬಿತ್ತು.

ನಿನ್ನೆ ಸಭೆ. ಬೇಗನೆ ಹೋಗಿ ನೋಡಿದರೆ ಕುರ್ಚಿಗಳು ಮತ್ತೆ ಸಾಲಾಗಿ ನಿಂತಿವೆ. ಯಾರು ಹಾಕಿದರೆಂದು ಕೇಳಲಿಲ್ಲ, ಕೇಳಿದ್ದರೆ ಜಗಳವಾಗುತ್ತಿತ್ತು. ಒಬ್ಬಳೇ ಎಳೆದಾಡಿ ದುಂಡಗೆ ಮಾಡಿದೆ. ಹದಿನಾಲ್ಕು ಜನ ಬಂದರು. ಬಸ್ ಚಾಲಕನೂ ಬಂದ, ಅದೇ ಗಿಡದೊಂದಿಗೆ. ಕೊಳೆತ ಬೇರನ್ನೆಲ್ಲ ಕತ್ತರಿಸಿ ಮರದ ತುಂಡಿಗೆ ಕಟ್ಟಿ ಬದುಕಿಸಿಕೊಂಡಿದ್ದಾನೆ, ಏಳು ಹೂವು ಬಿಟ್ಟಿದೆ. ಮಾವ ತಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರ ಬೇರೆಯಾಗಿ ಹಾಕಿಕೊಂಡು ಕೂತಿದ್ದವರು ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಕನ್ನಡಕ ಏರಿಸಿ ಬೇರು ನೋಡಿ, “ನೀರು ಎಷ್ಟು ದಿನಕ್ಕೆ ಹಾಕ್ತೀರಿ?” ಎಂದರು. ತಪ್ಪಾಯಿತು ಎನ್ನಲಿಲ್ಲ. ಹೋಗುವಾಗ ನನ್ನ ಮುಖವನ್ನೂ ನೋಡಲಿಲ್ಲ. ಟೈಲರಮ್ಮ ಬರಲಿಲ್ಲ. ಇನ್ನೊಮ್ಮೆ ಕರೆಯಲು ಮುಖವಿಲ್ಲ, ಆದರೂ ಅವಳ ಅಂಗಡಿಗೇ ಹೋಗಿ ಬರುತ್ತೇನೆ.

ಇಷ್ಟಕ್ಕೆ ಇಷ್ಟು ಒದ್ದಾಟ. ಸಾಕಪ್ಪಾ ಸಾಕು ಅನ್ನಿಸುತ್ತದೆ, ಮಾರನೆಯ ದಿನ ಮತ್ತೆ ಪುಸ್ತಕ ತೆರೆದು ಕೂರುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು. ಮಗಳಿಗೆ ಚಿಕ್ಕಮ್ಮನ ಆಶೀರ್ವಾದ, ಅವಳ ಪರೀಕ್ಷೆ ಚೆನ್ನಾಗಿ ಆಗಲಿ. ನೀವೆಲ್ಲ ನಗುನಗುತ್ತ ಇದ್ದರೆ ನನಗೆ ಅಷ್ಟೇ ಸಾಕು.

ನಿನ್ನ ತಂಗಿ

ತಾ.ಕ.: ಕಾಗದ ಮಡಿಚಿ ಕವರಿಗೆ ಹಾಕಿ ಮತ್ತೆ ಹೊರತೆಗೆದೆ. ಸಂಘ ಬಿಟ್ಟವರು ಇಪ್ಪತ್ತಮೂರು ಜನ. ನಾನು ಫೋನ್ ಮಾಡಿದ್ದು ಇಪ್ಪತ್ತೆರಡು ಜನಕ್ಕೆ. ಉಳಿದ ಹೆಸರು ನಿನ್ನದು. ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ ದುಡಿದವಳು ನೀನು, ಅಧ್ಯಕ್ಷಗಿರಿ ನಿನಗೇ ಬರಬೇಕಿತ್ತು. ಸಮಿತಿಯವರು ಅಂಗಡಿಗೆ ಬಂದು “ನೀವೇ ನಿಲ್ಲಿ” ಎಂದಾಗ, ನಿನ್ನನ್ನೊಂದು ಮಾತು ಕೇಳದೆ ಹೂಂ ಎಂದುಬಿಟ್ಟೆ. ಅದರ ಮುಂದಿನ ತಿಂಗಳು ನೀನು ಸಭೆಯ ಕೋಣೆಯ ಕೀಲಿಕೈಯನ್ನು ನನ್ನ ಕೈಗಿಟ್ಟು, “ಮೊಣಕಾಲು ನೋವು ಕಣೇ, ಮೆಟ್ಟಿಲು ಹತ್ತೋಕಾಗಲ್ಲ,” ಎಂದೆ. ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳುತ್ತ ಬಂದೆ. ಮೊನ್ನೆ ನಿನ್ನ ಮಗಳು ಅಂಗಡಿಗೆ ಬಂದಿದ್ದಳು. ಅಮ್ಮ ದಿನಾ ಮೂರು ಮಹಡಿ ಹತ್ತಿ ತಾರಸಿಯ ಗಿಡಗಳಿಗೆ ನೀರು ಹಾಕುತ್ತಾಳೆ ಎಂದು ಮಾತಿಗೆ ಹೇಳಿದಳು. ನನಗೆ ಆಶ್ಚರ್ಯವಾಗಲಿಲ್ಲ. ಕೀಲಿಕೈ ಕೊಟ್ಟ ದಿನವೇ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದುಬಿಟ್ಟೆ. ಈಗ ನಿನ್ನನ್ನೂ ಕೇಳುತ್ತಿದ್ದೇನೆ ಅಕ್ಕ, ಯಾಕೆ ಬಿಟ್ಟೆ? ಬೈದಾದರೂ ಬರೆ.