ಸಾಲಿನ ಕೊನೆಯವಳು

ಮ್ಫುವೆ
ಆಗಸ್ಟ್ 19, ಸೋಮವಾರ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ. ಮೊದಲು ಇಷ್ಟನ್ನು ಓದಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಕ್ಕೆ ಓದು. ಕೈಕಾಲು ಎಲ್ಲಾ ಇರಬೇಕಾದಲ್ಲೇ ಇವೆ. ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಬೈಯುತ್ತೀಯ, ಗೊತ್ತು. ಮಾಡಿದರೆ ಅದು ಪಕ್ಕದ ಲಕ್ಸನ್ ಮನೆಯ ಫೋನಿಗೇ ಬರಬೇಕು. ಅವನು ಸ್ಪೀಕರ್ ಹಾಕಿ ಅಂಗಳದ ಮಧ್ಯೆ ಇಡುತ್ತಾನೆ. ಅವನ ಹೆಂಡತಿ, ಅವಳ ತಂಗಿಯರು, ಜೋಳ ಕುಟ್ಟಲು ಬಂದವರು, ಕೊನೆಗೆ ಕೋಳಿಗಳೂ ಕಿವಿಗೊಟ್ಟು ನಿಲ್ಲುತ್ತವೆ. ಇದು ಅಂಗಳದಲ್ಲಿ ಆಡುವ ಮಾತಲ್ಲ. ಅದಕ್ಕೇ ಚಿಪಾಟಾ ಬಸ್ಸಿನ ಡ್ರೈವರ್ ಕೈಗೆ ಈ ಕಾಗದ ಕೊಟ್ಟಿದ್ದೇನೆ.

ರೇಡಿಯೋದಲ್ಲಿ ಕೇಳಿರುತ್ತೀಯ. ನಡಿಗೆ ಸಫಾರಿಯಲ್ಲಿ ಆನೆ ನುಗ್ಗಿ ಕಾವಲಿನವನೊಬ್ಬ ಸತ್ತ, ಕೈಯಲ್ಲಿ ಗುಂಡು ತುಂಬಿದ ಬಂದೂಕಿದ್ದರೂ ಹೆದರಿ ಹಾರಿಸಲಿಲ್ಲ ಎಂದು ಹೇಳಿದರಂತೆ. ಸುಳ್ಳು ಅಮ್ಮಾ. ಹಸಿ ಸುಳ್ಳು. ಸತ್ತವನು ಕಪೆಂಬ್ವಾ. ಹೋದ ವರ್ಷ ನನ್ನ ಜೊತೆ ಊರಿಗೆ ಬಂದು, ನಿನ್ನ ಒಲೆಯ ಮುಂದೆ ಕೂತು, “ಅತ್ತೆ, ಈ ಸಾರಲ್ಲಿರೋದು ಕೋಳಿನಾ ಇಲಿನಾ, ಮೊದ್ಲು ಹೇಳ್ಬಿಡಿ” ಎಂದು ಕೇಳಿ ನಿನ್ನಿಂದ ಸೌಟಿನ ಏಟು ತಿಂದನಲ್ಲ, ಅವನು.

ನನ್ನ ಕೆಲಸದ ಬಗ್ಗೆಯೂ ನಿನಗೆ ಪೂರ್ತಿ ಹೇಳಿರಲಿಲ್ಲ. ಅಡುಗೆಮನೆಯಲ್ಲಿದ್ದೇನೆ ಎಂದಿದ್ದೆ. ಅದು ಜೂನ್ ತನಕ ಮಾತ್ರ. ಆಮೇಲೆ ನನ್ನನ್ನು ಚಹಾ ಹೊರುವ ಕೆಲಸಕ್ಕೆ ಹಾಕಿದರು. ಅತಿಥಿಗಳು ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ದಿನಗಟ್ಟಲೆ ಕಾಡಿನಲ್ಲಿ ನಡೆಯುತ್ತಾರೆ. ಎಲ್ಲರಿಗಿಂತ ಮುಂದೆ ಬಂದೂಕು ಹಿಡಿದ ಕಾವಲಿನವನು. ಅವನ ಹಿಂದೆ ಗೈಡ್. ನಡುವೆ ಅತಿಥಿಗಳು. ಕೊನೆಯಲ್ಲಿ ಕೆಟಲು, ಬಟ್ಟಲು, ಬಿಸ್ಕತ್ತಿನ ಬುಟ್ಟಿ ಹೊತ್ತ ನಾನು. ಬಂದೂಕು ಮುಂದಿದೆ, ಕಣ್ಣುಗಳೆಲ್ಲ ಮುಂದಿವೆ. ಕೊನೆಯವಳ ಬೆನ್ನಿಗೆ ಯಾರೂ ಇಲ್ಲ.

ಅಪ್ಪನನ್ನು ಆನೆ ಕೊಂದ ಮೇಲೆ ನೀನು ನನ್ನಿಂದ ಆಣೆ ಹಾಕಿಸಿಕೊಂಡಿದ್ದೆ, ಕಾಡೊಳಗೆ ಕಾಲಿಡುವುದಿಲ್ಲ ಎಂದು. ಬೈಯುವುದಿದ್ದರೆ ಈಗ ಬೈದು ಮುಗಿಸು. ಮುಂದೆ ಓದುವಾಗ ಬೈಯಲು ನಿನಗೆ ಮನಸ್ಸು ಬರುವುದಿಲ್ಲ.

ಆ ಸಲ ಅತಿಥಿಗಳು ನಾಲ್ಕೇ ಜನ: ವಯಸ್ಸಾದ ಗಂಡ ಹೆಂಡತಿ, ಮತ್ತೆ ಇಬ್ಬರು ಗೆಳತಿಯರು. ಒಬ್ಬಳ ಹೆಸರು ಇಂಗ್ರಿಡ್. ನನ್ನ ಹೆಸರು ಕೇಳಿದ್ದು ಅವಳೊಬ್ಬಳೇ. ಗೈಡ್ ಪ್ಯಾಟ್ಸನ್. ಹೊರಡುವ ಬೆಳಿಗ್ಗೆ ಕಪೆಂಬ್ವಾ ಎಂದಿನ ಹಾಗೆ ಶುರುಮಾಡಿದ.

“ಏ ಇಲಿ ತಿನ್ನೋಳೇ, ಈ ಸಲ ಹುಷಾರಾಗಿ ಬಾ. ನನ್ ಬಂದೂಕಲ್ಲಿ ಗುಂಡಿಲ್ಲ.”

ನಾನು ಬಿಡುತ್ತೇನೆಯೇ? “ಇದ್ದಿದ್ರೆ ಏನ್ ಕಿಸೀತಿದ್ದೆ ಭಾವ? ನಿಮ್ ಬೆಂಬಾ ಜನಕ್ಕೆ ಕೋತಿ ಹೊಡೆದು ಹುರ್ಕೊಂಡು ತಿನ್ನೋಕೆ ಬಿಟ್ರೆ ಇನ್ನೇನು ಬರುತ್ತೆ?”

ಪ್ಯಾಟ್ಸನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಏನು ತಮಾಷೆ ಎಂದು ಅತಿಥಿಗಳು ಕೇಳಿದರು. ಇವಳು ಎನ್‌ಗೋನಿ ಕುಲದವಳು, ಅವನು ಬೆಂಬಾ ಕುಲದವನು, ಅಜ್ಜಂದಿರು ಈಟಿ ಹಿಡಿದು ಬಡಿದಾಡಿದ್ದರು, ಅದಕ್ಕೆ ಮೊಮ್ಮಕ್ಕಳಿಗೆ ಬೈದಾಡುವ ನಂಟು, ಎಷ್ಟು ಬೈದರೂ ಸಿಟ್ಟಾಗುವ ಹಾಗಿಲ್ಲ ಎಂದ. ಅವರೂ ನಕ್ಕರು. ಎಲ್ಲರೂ ನಗುತ್ತಲೇ ಕಾಡು ಹೊಕ್ಕೆವು.

ಕೊನೆಯಲ್ಲಿ ನಡೆಯುವುದು ಹೇಗಿರುತ್ತದೆ ಎಂದು ಹೇಳುತ್ತೇನೆ ಕೇಳು. ಕತ್ತಿನ ಹಿಂಭಾಗಕ್ಕೆ ಒಂದು ಕಿವಿ ಮೊಳೆಯುತ್ತದೆ. ಒಣ ಎಲೆ ಚರಕ್ ಎಂದರೆ ನನ್ನ ಕಾಲೋ, ಇನ್ನೊಂದರ ಕಾಲೋ ಎಂದು ಎದೆ ನಿಲ್ಲುತ್ತದೆ. ತಿರುಗಿ ನೋಡಿದರೆ ಸಾಲು ಮುಂದೆ ಹೋಗಿಬಿಡುತ್ತದೆ. ನೋಡದಿದ್ದರೆ ಬೆನ್ನು ಉರಿಯುತ್ತದೆ. ಬಟ್ಟಲುಗಳು ಟಿಣ್ ಎನ್ನಬಾರದೆಂದು ನಡುವೆ ಬಟ್ಟೆ ತುರುಕಿರುತ್ತೇನೆ. ಅತಿಥಿಗಳಿಗೆ ಕಾಡಿನ ಮೌನ ಬೇಕು. ಆ ಮೌನದೊಳಗೆ ನನ್ನ ಉಸಿರು ನನಗೇ ಯಾರೋ ಹಿಂಬಾಲಿಸಿದ ಹಾಗೆ ಕೇಳುತ್ತದೆ.

ಎರಡನೆಯ ದಿನ ಮಧ್ಯಾಹ್ನ, ಬೆಳಿಗ್ಗೆ ಹೋದ ದಾರಿಯಲ್ಲೇ ಕ್ಯಾಂಪಿಗೆ ವಾಪಸಾದೆವು. ಮರಳಿನಲ್ಲಿ ನಮ್ಮ ಹೆಜ್ಜೆಗಳು ಹಾಗೇ ಇದ್ದವು. ಸಾಲಿನಲ್ಲಿ ನಡೆದರೆ ಎಲ್ಲರ ಗುರುತಿನ ಮೇಲೆ ಬೀಳುವುದು ಕೊನೆಯವರ ಹೆಜ್ಜೆ. ನನ್ನ ಬೂಟಿನ ಗುರುತಿನ ಮೇಲೆ, ಸರಿಯಾಗಿ ಅದರ ನಡುವೆ, ಸಿಂಹದ ಪಂಜ. ಇನ್ನೊಂದು ಹೆಜ್ಜೆ, ಇನ್ನೊಂದು ಪಂಜ. ಹೊಳೆಯ ದಂಡೆಯವರೆಗೂ ಅದು ನನ್ನ ಹಿಂದೆ ನಡೆದು ಬಂದಿತ್ತು ಅಮ್ಮಾ. ನಾನು ಅತಿಥಿಗಳಿಗೆ ಬಿಸ್ಕತ್ತು ಕೊಡುತ್ತಿದ್ದಾಗ ಅದು ಎಲ್ಲಿ ಕೂತಿತ್ತೋ.

ಸಂಜೆ ಹೊಳೆಯಲ್ಲಿ ಕೆಟಲು ತಿಕ್ಕುವಾಗ ಕಪೆಂಬ್ವಾನಿಗೆ ಹೇಳಿದೆ. “ಸಿಂಹಕ್ಕೂ ಇಲಿ ವಾಸನೆ ಅಂದ್ರೆ ಇಷ್ಟ ಕಣೇ” ಎಂದ. ನಾನು ನೀರು ಎರಚಿದೆ. ಅವನು ಮುಖ ಒರೆಸಿಕೊಂಡು, ಕ್ಯಾಂಪಿನ ಕಡೆ ಒಮ್ಮೆ ನೋಡಿ, “ನಿಜವಾಗ್ಲೂ ಹೇಳ್ತಿದೀನಿ. ಬಂದೂಕು ಖಾಲಿ. ಗುಂಡಿನ ಪೆಟ್ಟಿಗೆ ಲುಸಾಕಾದಿಂದ ಇನ್ನೂ ಬಂದಿಲ್ಲ. ಅತಿಥಿಗಳು ಬಂದಾಯ್ತು, ವಾಪಸ್ ಕಳ್ಸೋಕಾಗಲ್ಲ, ನೀನು ಹೆಗಲ ಮೇಲೆ ಇಟ್ಕೊಂಡು ನಡಿ, ಕಾಣ್ಸಿದ್ರೆ ಸಾಕು ಅಂದ ಕ್ರಿಸ್ಪಿನ್” ಎಂದ. ಕ್ರಿಸ್ಪಿನ್ ಎಂದರೆ ನಮ್ಮ ಮ್ಯಾನೇಜರ್. “ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ ಅಂದ ಕಣೇ.”

ನಾನು ಏನೆಂದೆ ಗೊತ್ತೇ? “ಆನೆ ಬಂದ್ರೆ ನಿನ್ ಮೂತಿ ತೋರ್ಸು ಭಾವ, ಹೆದ್ರಿ ಓಡುತ್ತೆ” ಎಂದೆ.

ಅವನು ನಕ್ಕ. ತುಸು ತಡವಾಗಿ ನಕ್ಕ. ಪ್ಯಾಟ್ಸನ್‌ಗೆ ಹೇಳಿದ್ದರೆ ಅದು ದೂರು ಎನಿಸಿ ಮ್ಯಾನೇಜರ್ ಕಿವಿಗೆ ಬೀಳುತ್ತಿತ್ತು. ಹೇಳದೆ ಅವನಿಗೆ ಮನಸ್ಸು ತಡೆಯಲಿಲ್ಲ. ಅದಕ್ಕೆ ನನ್ನನ್ನು ಆರಿಸಿದ. ಬೈದಾಡುವ ನಂಟಿನವಳ ಹತ್ತಿರ ಹೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲವಲ್ಲ. ನಂಬುವುದೂ ಇಲ್ಲವಲ್ಲ! ಸಿಂಹದ ಹೆಜ್ಜೆ ಕಂಡವಳಿಗೆ ಅವನ ಮುಖ ಕಾಣಲಿಲ್ಲ.

ಮೂರನೆಯ ಬೆಳಿಗ್ಗೆ ಒಣಗಿದ ಹಳ್ಳ ದಾಟಿ, ತಲೆ ಮುಳುಗುವ ಹುಲ್ಲಿನ ಅಂಚಿಗೆ ಬಂದೆವು. ಎಡಕ್ಕೆ ಆನೆಗಳಿವೆ ಎಂದು ಪ್ಯಾಟ್ಸನ್ ಕೈ ತೋರಿಸಿ, ದೂರದಿಂದ ಸುತ್ತುಹಾಕಿ ಒಯ್ದ. ಎಲ್ಲರೂ ಎಡಕ್ಕೆ ನೋಡುತ್ತಿದ್ದರು. ಗಾಳಿ ತಿರುಗಿತು. ನನ್ನ ಬೆವರು ಒಮ್ಮೆಲೇ ತಣ್ಣಗಾಯಿತು. ಬಲಗಡೆ, ನನ್ನ ಹಿಂದೆ, ಹುಲ್ಲಿನೊಳಗಿಂದ ಒಂದು ಆನೆಮರಿ ಕಿರುಚಿತು. ನಾವು ತಾಯಿಗೂ ಮರಿಗೂ ನಡುವೆ ಬಂದುಬಿಟ್ಟಿದ್ದೆವು.

ನಿನಗೆ ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆನೆ ದೂರದಲ್ಲಿತ್ತು ಎಂದು ಮೊದಲು ಬರೆದು ಹರಿದು ಹಾಕಿದೆ. ದೂರದಲ್ಲಿರಲಿಲ್ಲ. ಅದು ಬರುವಾಗ ಸದ್ದೇ ಇರಲಿಲ್ಲ, ಹುಲ್ಲು ಮಾತ್ರ ಎರಡಾಗಿ ಸೀಳುತ್ತಿತ್ತು. ಓಡಬಾರದು ಎಂದು ನಮಗೆ ಕಲಿಸಿದ್ದಾರೆ. ನಾನು ಓಡಲಿಲ್ಲ, ಧೈರ್ಯಕ್ಕಲ್ಲ, ಕಾಲು ನನ್ನದಾಗಿರಲಿಲ್ಲ. ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. ಮುಂದುಗಡೆಯಿಂದ ಯಾರೋ ಓಡಿ ಬಂದರು. ಕಪೆಂಬ್ವಾ. ಇಡೀ ಸಾಲನ್ನು ದಾಟಿ ಹಿಂದಕ್ಕೆ ಓಡಿ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ನನಗೂ ಅದಕ್ಕೂ ನಡುವೆ ನಿಂತ. ಬಂದೂಕು ಎತ್ತಿ ಕೂಗಿದ, ಕಾಲು ಬಡಿದ. ಆನೆ ನಿಂತಿತು. ಕಿವಿ ಅಗಲಿಸಿತು. ಅದರ ಕಣ್ಣಿನ ಕೆಳಗೆ ಒದ್ದೆಯ ಗೆರೆ ಕಂಡಿತು ನನಗೆ.

“ಹೊಡಿ ಭಾವ! ಹೊಡಿ!” ಎಂದು ಕಿರುಚಿದೆ.

ಅವನು ತಿರುಗಲಿಲ್ಲ. “ಹೇಳಿದ್ನಲ್ಲೇ, ಇಲಿ ತಿನ್ನೋಳೇ” ಎಂದ. ಮೆಲ್ಲಗೆ ಎಂದ. “ಹಿಂದಕ್ಕೆ ನಡಿ. ಮೆತ್ತಗೆ ನಡಿ.”

ನಾನು ಹಿಂದಕ್ಕೆ ನಡೆದೆ ಅಮ್ಮಾ. ಅವನನ್ನು ನೋಡುತ್ತಲೇ ಹಿಂದಕ್ಕೆ ನಡೆದೆ. ಮರಿ ಇನ್ನೊಮ್ಮೆ ಕಿರುಚಿತು. ಆಮೇಲಿನದು ಬೇಡ. ಅಪ್ಪನದನ್ನು ನೀನು ನೋಡಿದ್ದೀಯ.

ಆನೆ ಮರಿಯನ್ನು ಕರೆದುಕೊಂಡು ಹೋದ ಮೇಲೆ ಪ್ಯಾಟ್ಸನ್ ಬಂದೂಕನ್ನು ಎತ್ತಿ ಬಿಚ್ಚಿದ. ನಾನು ಪಕ್ಕದಲ್ಲೇ ಇದ್ದೆ. ಒಳಗೆ ಏನೂ ಇರಲಿಲ್ಲ. ಕಪೆಂಬ್ವಾನ ಸೊಂಟದ ಪಟ್ಟಿಯಲ್ಲಿ ಸಾಲಾಗಿ ಹೊಳೆಯುತ್ತಿದ್ದವೆಲ್ಲ ಹಾರಿಸಿ ಮುಗಿದ ಖಾಲಿ ತೋಟಾಗಳು, ನೋಡುವವರಿಗೆ ತುಂಬಿದ ಹಾಗೆ ಕಾಣಲೆಂದು ಸಿಕ್ಕಿಸಿದ್ದವು. ಪ್ಯಾಟ್ಸನ್ ಬಂದೂಕನ್ನು ಮುಚ್ಚಿ, “ನೀನೇನೂ ನೋಡಿಲ್ಲ ತಿಯಾ. ನಂಗೂ ಮೂರು ಮಕ್ಳಿದಾರೆ” ಎಂದ.

ಕ್ಯಾಂಪಿಗೆ ಬಂದಾಗ ಬಂದೂಕನ್ನು ಕ್ರಿಸ್ಪಿನ್ ತನ್ನ ಕೋಣೆಗೆ ಒಯ್ದ. ಪೊಲೀಸರು ಬಂದು ನೋಡುವಾಗ ಅದರೊಳಗೆ ಗುಂಡುಗಳಿದ್ದವು! ಒಬ್ಬನ ಪ್ರಾಣ ಉಳಿಸಲು ಬಾರದ ಗುಂಡು ಅವನ ಹೆಸರು ಕೆಡಿಸಲು ಅಷ್ಟು ಬೇಗ ಬಂತು. ಅವನು ಯಾಕೆ ಹೊಡೆಯಲಿಲ್ಲ ಎಂದು ಇಂಗ್ರಿಡ್ ಅಳುತ್ತಾ ಕೇಳಿದಳು. ಹೆದರಿಬಿಟ್ಟ ಎಂದರು. ಮರುದಿನ ಅತಿಥಿಗಳನ್ನು ವಿಮಾನ ಹತ್ತಿಸಿದರು. ಕ್ರಿಸ್ಪಿನ್ ನನ್ನನ್ನು ಕರೆದು ಸಕ್ಕರೆ ಹಾಕಿದ ಚಹಾ ಕೊಟ್ಟ, ಅವನೇ ಕೈಯಾರೆ. “ನೀನು ಹಿಂದಿದ್ದೆ. ಹುಲ್ಲಲ್ಲಿ ನಿಂಗೇನೂ ಕಂಡಿರಲ್ಲ. ಮುಂದಿನ ಗುಂಪಿಗೂ ನೀನೇ ಚಹಾ ಹೊರ್ಬೇಕು ಕಣಮ್ಮಾ. ಕಾಡು ಅಂದ್ರೆ ಕಾಡು, ಹುಷಾರಾಗಿರು” ಎಂದ. ನಗುತ್ತಲೇ ಅಂದ. ಆನೆಯ ಮುಂದೆ ಆದದ್ದಕ್ಕಿಂತ ಹೆಚ್ಚು ಭಯ ನನಗೆ ಆ ಚಹಾ ಕುಡಿಯುವಾಗ ಆಯಿತು. ಆನೆ ಬರುವ ಮೊದಲು ಕಿವಿಯನ್ನಾದರೂ ಅಗಲಿಸುತ್ತದೆ.

ಶನಿವಾರ ಮಣ್ಣು ಮಾಡಿದರು. ಗಂಡಸರೆಲ್ಲ ಗುಸುಗುಸು ಮಾತಾಡುತ್ತಿದ್ದರು, ಬಂದೂಕು ಕೈಯಲ್ಲಿದ್ದೂ ನಡುಗಿದನಂತೆ ಎಂದು. ಅವನ ಹೆಂಡತಿ ಬ್ವಾಲ್ಯಾ ನೆಲ ನೋಡುತ್ತಾ ಕೂತಿದ್ದಳು. ಗಂಡ ಸತ್ತ ನೋವಿನ ಮೇಲೆ ಹೇಡಿಯ ಹೆಂಡತಿ ಎಂಬ ನಾಚಿಕೆಯನ್ನೂ ಹೊರಿಸಿದ್ದರು. ಬೆಂಬಾದವನ ಸಾವಿಗೆ ನಮ್ಮವರು ಹೋದರೆ ಅಳುವವರನ್ನು ನಗಿಸಬೇಕು. ಸತ್ತವನನ್ನೇ ಆಡಿಕೊಳ್ಳಬೇಕು, ಅವನ ಅಂಗಿ ತೊಟ್ಟು ಅವನ ಹಾಗೆ ನಡೆಯಬೇಕು. ಆ ಹೊತ್ತು ನಮ್ಮ ಬಾಯಿ ಮುಚ್ಚಿಸುವ ಅಧಿಕಾರ ಯಾವ ದೊರೆಗೂ ಇಲ್ಲ.

ಬ್ವಾಲ್ಯಾಳ ಹತ್ತಿರ ಅವನ ಟೋಪಿ ಕೇಳಿದೆ. ಒಂದು ಕೋಲು ಹೆಗಲಿಗಿಟ್ಟುಕೊಂಡೆ. ಹಿಂದೆ ಕ್ರಿಸ್ಪಿನ್ ಹೂವಿನ ಚಕ್ರ ಹಿಡಿದು ನಿಂತಿದ್ದ. ನಾನು ಕಪೆಂಬ್ವಾನ ಹಾಗೆ ಕಾಲು ಅಗಲಿಸಿ ನಡೆದೆ. “ನೋಡ್ರಪ್ಪಾ, ನಾನು ಕೋತಿ ತಿನ್ನೋ ಕಪೆಂಬ್ವಾ! ಬಂದೂಕಿದೆ, ಗುಂಡಿಲ್ಲ!” ಎಂದೆ. ಜನ ಗೊಳ್ಳೆಂದು ನಕ್ಕರು. “ಸಾಹೇಬ್ರೇ, ಗುಂಡೆಲ್ಲಿ ಅಂದೆ. ಹೆಗಲ ಮೇಲಿಟ್ಕೋ, ಕಾಣ್ಸಿದ್ರೆ ಸಾಕು ಅಂದ್ರು!” ಇನ್ನೂ ನಕ್ಕರು. ಮುದುಕಿಯರು ತೊಡೆ ತಟ್ಟಿಕೊಂಡರು. ಅಮ್ಮಾ, ನಾನು ನಿಜ ಕೂಗುತ್ತಿದ್ದೆ, ಅವರು ನಗುತ್ತಿದ್ದರು. ಹೊಳೆಯ ದಂಡೆಯಲ್ಲಿ ಅವನಿಗೆ ಹೇಗಾಗಿರಬೇಕು ಎಂದು ಆಗ ತಿಳಿಯಿತು. “ಆನೆ ಬಂತು! ಇಲಿ ತಿನ್ನೋಳು ಹೊಡಿ ಅಂದ್ಲು. ಹೇಳಿದ್ನಲ್ಲೇ ಅಂದೆ!” ಎಂದು ಕಿರುಚಿ, ಕೋಲನ್ನು ಗುಂಡಿಯ ಮಣ್ಣಿನ ಮೇಲೆ ಎಸೆದು ಕುಸಿದು ಕೂತೆ.

ನಗದೇ ಇದ್ದವನು ಇಡೀ ಜನರಲ್ಲಿ ಒಬ್ಬನೇ, ಕ್ರಿಸ್ಪಿನ್. ಬ್ವಾಲ್ಯಾ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ, ಅವನನ್ನು ನೋಡಿದಳು. ಎದ್ದು ನಿಂತಳು. “ಎಲ್ರೂ ನಗ್ತಿದಾರೆ ಸಾಹೇಬ್ರೇ. ನೀವ್ಯಾಕೆ ನಗ್ತಿಲ್ಲ?” ಎಂದಳು. ಒಬ್ಬೊಬ್ಬರ ನಗುವೂ ನಿಂತಿತು. ಕ್ರಿಸ್ಪಿನ್ ನಗಲು ನೋಡಿದ. ಆಗಲಿಲ್ಲ.

ನಾಳೆ ನಾನೂ ಬ್ವಾಲ್ಯಾಳೂ ಜಿಲ್ಲಾ ಕಚೇರಿಗೆ ಹೋಗುತ್ತೇವೆ. ಟೋಪಿ ಇಲ್ಲದೆ, ಕೋಲಿಲ್ಲದೆ, ನನ್ನ ದನಿಯಲ್ಲೇ ಇದನ್ನು ಹೇಳುತ್ತೇನೆ. ಪ್ಯಾಟ್ಸನ್ ಬರುವುದಿಲ್ಲ. ಒಬ್ಬಳ ಮಾತು ಯಾರು ನಂಬುತ್ತಾರೆ, ಸಾವಿನ ಮನೆಯ ತಮಾಷೆ ಅದು ಎಂದು ಕ್ಯಾಂಪಿನಲ್ಲಿ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ನಿನ್ನೆಯಿಂದ ಕೆಲಸದವರ ವಠಾರದ ಹೊರಗೆ ಕ್ಯಾಂಪಿನ ಜೀಪು ನಿಂತೇ ಇದೆ. ನೀರಿಗೆ ಹೋದರೂ ಕತ್ತಿನ ಹಿಂದಿನ ಕಿವಿ ಎದ್ದು ಕೂರುತ್ತದೆ. ಇಲ್ಲಿ ನಮ್ಮಿಬ್ಬರ ಹಿಂದೆ ಯಾರೂ ಇಲ್ಲ. ನೀನು ಹೆದರಬೇಡ. ಬರಲೂ ಬೇಡ. ಮಂಡಿನೋವು ಇಟ್ಟುಕೊಂಡು ಬಸ್ಸು ಹತ್ತಬೇಡ.

ನಿನ್ನ ಮಗಳು,
ತಿಯಾಮಿಕೆ ಜೆರೆ

ಮರೆತದ್ದು: ಎರಡನೆಯ ದಿನ ಸಂಜೆ, ಕೆಟಲು ತಿಕ್ಕಿ ಬಂದು, ಹುತ್ತದ ಮೇಲೆ ಹತ್ತಿ ಸಿಗ್ನಲ್ ಹುಡುಕಿ ನಿನಗೆ ಫೋನ್ ಮಾಡಿದ್ದೆನಲ್ಲ? “ಅಮ್ಮಾ, ನಮ್ ಕೋತಿ ಭಾವನ ಬಂದೂಕಲ್ಲಿ ಗುಂಡೇ ಇಲ್ವಂತೆ, ಮ್ಯಾನೇಜರ್ ಸುಮ್ನೆ ಹೊತ್ಕೊಂಡು ತಿರ್ಗು ಅಂದ್ನಂತೆ” ಎಂದು ನಗುತ್ತಾ ಹೇಳಿದ್ದೆ. ಲಕ್ಸನ್ ಸ್ಪೀಕರ್ ಹಾಕಿದ್ದ. ಅವನ ಹೆಂಡತಿ, ಅವಳ ತಂಗಿಯರು, ಜೋಳ ಕುಟ್ಟಲು ಬಂದವರು ಎಲ್ಲ ನಕ್ಕದ್ದು ನನಗೆ ಕೇಳಿಸಿತ್ತು. ಆಗ ಅವನು ಬದುಕಿದ್ದ. ಮೇಲೆ ಬರಬೇಡ ಎಂದು ಬರೆದದ್ದನ್ನು ಹೊಡೆದುಹಾಕು ಅಮ್ಮಾ. ಬಾ. ಅಂಗಳವನ್ನೇ ಕರೆದುಕೊಂಡು ಬಾ.