ಕೈ ಎತ್ತಿ ತೋರಿಸು ಎಂದವರಿಗೆ

ಕ್ರಿ.ಶ. ೨೨೯೧, ಫೆಬ್ರವರಿ ಮೂವತ್ತು

ಇಪ್ಪತ್ತೊಂದನೆಯ ಶತಮಾನದ ಮಹಾಜನರೇ, ಬ್ರೆಡ್ಡು ಬಾಳೆಹಣ್ಣು ಹಿಡಿದು ರೋಗಿಯ ಮನೆಯ ಮೇಲೆ ದಂಡೆತ್ತಿ ಹೋಗುವ ಬಂಧುಬಳಗದವರೇ, ಹಜಾರದ ಕುರ್ಚಿಯಲ್ಲಿ ಕುಳಿತೊಡನೆ ಮೂಳೆ ವೈದ್ಯರಾಗಿಬಿಡುವ ಸಮಸ್ತ ಭಾವಂದಿರೇ, ನಿಮ್ಮ ಮರಿಮಕ್ಕಳ ಮರಿಮಕ್ಕಳ ಪರವಾಗಿ ವಂದನೆಗಳು.

ಮೊದಲು ಕ್ಷಮೆ ಕೇಳುತ್ತೇನೆ. ನಮ್ಮ ಕಾಲದ ಕೆಲವು ಮಾತುಗಳು ನಿಮ್ಮ ನಿಘಂಟಿನಲ್ಲಿ ಸಿಗುವುದಿಲ್ಲ. ಅವುಗಳ ಅಗತ್ಯ ನಿಮಗೂ ಇತ್ತು. ಅವನ್ನು ಹುಟ್ಟಿಸುವಷ್ಟು ನಾಚಿಕೆ ಇರಲಿಲ್ಲ, ಅಷ್ಟೆ. ಉದಾಹರಣೆಗೆ ‘ನಂಟುಗಾಲ’. ಪದೇ ಪದೇ ಕೀಲು ತಪ್ಪುವ ಭುಜವನ್ನು ಶಸ್ತ್ರಚಿಕಿತ್ಸೆಯಿಂದ ಭದ್ರಪಡಿಸಿದ ಮೇಲೆ, ಕೀಲಿನ ಹರಿದಿದ್ದ ಅಂಚು ಮೂಳೆಯೊಂದಿಗೆ ಮತ್ತೆ ನಂಟು ಬೆಳೆಸಿಕೊಳ್ಳಲು ಬೇಕಾಗುವ ವಾರಗಳಿಗೆ ನಾವು ಹಾಗೆನ್ನುತ್ತೇವೆ. ಮದುವೆ ಮಾಡಿಸಿದ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ಹೊಲಿಗೆ ಹಾಕಿದ ಮಾತ್ರಕ್ಕೆ ತೋಳು ನಿಲ್ಲುವುದಿಲ್ಲ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ.

ನಮ್ಮಲ್ಲಿ ನಂಟುಗಾಲದ ಮನೆಯ ಬಾಗಿಲಿಗೆ ಹಸಿರು ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡವರು ಒಳಗೆ ಬಂದು ಕಾಫಿ ಕುಡಿಯಬಹುದು, ಮಳೆ ಬೆಳೆ ಮಾತಾಡಬಹುದು, ಮೂರನೆಯವರ ಸುದ್ದಿಯನ್ನೂ ಆಡಬಹುದು. ತೋಳಿನ ಸುದ್ದಿ ಎತ್ತಕೂಡದು. ಪ್ರತಿ ಬೀದಿಗೊಂದು ‘ತೂಗುಮನೆ’ ಇದೆ. ಬೆಳಗಿನ ಹೊತ್ತು ಅಲ್ಲಿ ಹತ್ತಾರು ಜನ ಮೇಜಿಗೆ ಒಂದು ಕೈ ಊರಿ, ಮುಂದಕ್ಕೆ ಬಾಗಿ, ಇನ್ನೊಂದು ತೋಳನ್ನು ಹಳೆಯ ಗಡಿಯಾರದ ಲೋಲಕದಂತೆ ಸುಮ್ಮನೆ ಇಳಿಬಿಟ್ಟು ತೂಗುತ್ತಾರೆ. ಯಾರೂ ಪಕ್ಕದವರದು ಎಷ್ಟು ತೂಗಿತೆಂದು ನೋಡುವುದಿಲ್ಲ. ಗೋಡೆಗಳ ಮೇಲೆ ‘ಬೆರಳೇಣಿ’ ಬರೆದಿದೆ. ಅದರಲ್ಲಿ ವಾರಕ್ಕೊಂದು ಗೆರೆ. ಎರಡು ಬೆರಳು ಗೋಡೆ ಹತ್ತುತ್ತಾ ಆ ವಾರದ ಗೆರೆ ಮುಟ್ಟಿದರೆ ಸಾಕು, ದಾಟಿದವರಿಗೆ ಚಪ್ಪಾಳೆಯಿಲ್ಲ, ಛೀಮಾರಿ. ನಮ್ಮ ಮಕ್ಕಳು ಅಕ್ಷರಕ್ಕೂ ಮೊದಲು ಕಲಿಯುವ ಪದ್ಯ ಇದು:

ಎತ್ತದಿರು ಎತ್ತದಿರು ಆರು ವಾರ,
ಎತ್ತಿದರೆ ಕಿತ್ತೀತು ಹೊಲಿದ ದಾರ.

ಪ್ರಾಸ ಹಗುರವೆನಿಸಬಹುದು. ಪಾಲಿಸುವುದು ಹಗುರವಲ್ಲ.

ಈಗ ನಿಮ್ಮ ಕಾಲದ ಒಂದು ಪ್ರಕರಣಕ್ಕೆ ಬರುತ್ತೇನೆ. ನಮ್ಮ ಪೂರ್ವಜ ಪರಮಶಿವಯ್ಯನವರು ತಿಪಟೂರು–ಹುಳಿಯಾರು ಬಸ್ಸಿನ ಕಂಡಕ್ಟರು. ಕನ್ನಡದಲ್ಲಿ ಬಿ.ಎ. ಮಾಡಿದ ತಪ್ಪಿಗೆ ನಿಲ್ದಾಣಗಳನ್ನೂ ಪ್ರಾಸದಲ್ಲೇ ಕೂಗುತ್ತಿದ್ದರು: “ಹುಳಿಯಾರು, ಹುಳಿಯಾರು, ಇಳಿಯೋರು ಯಾರ್ಯಾರು?” ಕಂಡಕ್ಟರನ ಎಡಗೈ ಅವನದಲ್ಲ, ಬಸ್ಸಿನ ಮೇಲಿನ ಸರಳಿನದು. ಬಲಗೈ ಟಿಕೆಟ್ ಕೊಡುವಾಗ ಎಡಗೈ ತಲೆಯ ಮೇಲೆ ಸರಳು ಹಿಡಿದಿರಬೇಕು. ಒಂದು ದಿನ ಎಮ್ಮೆ ಅಡ್ಡ ಬಂದು ಬ್ರೇಕ್ ಬಿದ್ದಾಗ ದೇಹ ಮುಂದೆ ಹೋಯಿತು, ಕೈ ಸರಳಿನಲ್ಲೇ ಉಳಿಯಿತು. ಆಮೇಲೆ ಆ ಭುಜ ಅಂಗಿ ಬಿಚ್ಚುವಾಗ ಒಮ್ಮೆ, ನಿದ್ದೆಯಲ್ಲಿ ಒಮ್ಮೆ, ಹೀಗೆ ನಾಲ್ಕು ಸಲ ತಪ್ಪಿತು. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು. ಡಿಪೋದವರ ಲೆಕ್ಕ ಇಷ್ಟೆ: ನಾಲ್ಕೂವರೆ ತಿಂಗಳಿಗೆ ಕೈ ಸರಳು ಮುಟ್ಟಿದರೆ ಬಸ್ಸು; ಇಲ್ಲದಿದ್ದರೆ ಡಿಪೋದ ಮೂಲೆಯ ಕುರ್ಚಿ, ನಿವೃತ್ತಿಯವರೆಗೆ. ಹದಿನೈದು ವರ್ಷ ಉದ್ದದ ಕುರ್ಚಿ. ಅಲ್ಲಿ ಕೂಗಲು ಊರುಗಳಿಲ್ಲ.

ಫಿಸಿಯೋಥೆರಪಿಯ ತಬಸ್ಸುಮ್ ಮೇಡಂ ಮೊದಲ ದಿನವೇ ಹೇಳಿದ್ದರು: “ಹೊಲಿಗೆ ಹಾಕೋದು ಡಾಕ್ಟ್ರ ಕೆಲ್ಸ, ಉಳಿಸ್ಕೊಳೋದು ನಿಮ್ಮ ಕೆಲ್ಸ. ಆರು ವಾರ ಯಾರ್ ಕೇಳಿದ್ರೂ ಕೈ ಎತ್ಬೇಡಿ. ನಾನೇ ಕೇಳಿದ್ರೂ.”

ಆಕೆ ಕೇಳಲಿಲ್ಲ. ಕೇಳಿದವರು ನೀವು. ಮದುವೆಗೆ ಹೋದರೆ ಊಟ ಮಾಡಬೇಕು, ರೋಗಿಯ ಮನೆಗೆ ಹೋದರೆ ಕೈ ಎತ್ತಿಸಿ ನೋಡಬೇಕು ಎಂದು ನಿಮಗೆ ಯಾವ ಶಾಸ್ತ್ರ ಹೇಳಿತ್ತು? ಎಳೆಮಗುವನ್ನು “ಆನೆ ಹೇಗೆ ಕೂಗುತ್ತೆ” ಎಂದು ಕೇಳುವಂತೆ, ನಲವತ್ತೈದು ವರ್ಷದ ಗಂಡಸನ್ನು ಹಜಾರದ ಮಧ್ಯೆ ನಿಲ್ಲಿಸಿ ಪ್ರದರ್ಶನ ಬೇಡುತ್ತಿದ್ದಿರಿ. ಅದೇ ಬಸ್ಸಿನ ಡ್ರೈವರ್ ಇಲಿಯಾಸ್ ಬಂದು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿದ್ದ ಕೈ ನೋಡಿ, “ಏನ್ ಸ್ವಾಮಿ, ಆರು ವಾರನಾ? ನಮ್ಮ ಗಾಡಿ ಗೇರ್‌ಬಾಕ್ಸ್ ಇಳ್ಸಿದ್ರೂ ಮೂರನೇ ದಿನ ರೋಡಿಗೆ ಬರುತ್ತೆ” ಎಂದರು. ಎದುರುಮನೆಯ ಗಂಗಮ್ಮ, “ಹಿಂಗೇ ಕಟ್ಟಾಕ್ಕೊಂಡ್ರೆ ಮರ ಆಗೋಯ್ತದೆ ಕಣಪ್ಪ, ಒಸಿ ಎಣ್ಣೆ ಹಚ್ಚಿ ಎಳ್ದಾಡ್ಸು” ಎಂದರು. ಹೆಂಡತಿಯ ಅಣ್ಣ ಷಡಾಕ್ಷರಿಯದು ಮಾತ್ರ ಬಂದಾಗಲೆಲ್ಲ ಒಂದೇ ಮಾತು: “ಎಲ್ಲಿ, ಎಷ್ಟು ಬತ್ತದೆ, ಎತ್ತಿ ತೋರ್ಸು.” ತೋರಿಸದಿದ್ದರೆ ಹೆಂಡತಿಯ ಕಡೆ ತಿರುಗಿ, “ಆಪರೇಸನ್ ಫೇಲ್ ಅನ್ಸುತ್ತೆ ಕಣಮ್ಮ” ಎನ್ನುವುದು.

ಪರಿಣಾಮ ಕೇಳಿ. ನಾಲ್ಕನೆಯ ವಾರದ ಒಂದು ಸಂಜೆ ಇದೇ ಷಡಾಕ್ಷರಿಯ ಮುಂದೆ ಜೋಳಿಗೆ ಕಳಚಿತು, ಕೈ ಮೇಲಕ್ಕೆ ಹೋಯಿತು, ಭುಜದ ಒಳಗೆ ಏನೋ ಚಿಕ್ಕದಾಗಿ ಜಾರಿತು. ನೋವಾಗಲಿಲ್ಲ. ನೋವಾಗಿದ್ದರೆ ಒಳ್ಳೆಯದಿತ್ತು. ಹೀಗೆ ಕೈ ಎತ್ತಿಸಿ ನೋಡುವವರನ್ನು ನಮ್ಮ ಕಾಲದಲ್ಲಿ ‘ತೋರುಗೇಡಿ’ಗಳೆಂದು ಕರೆದು, ಆರು ವಾರ ಅವರದೇ ಎರಡೂ ಕೈಗಳನ್ನು ಜೋಳಿಗೆಗೆ ಹಾಕಿಸಿ, ಮೂಗು ತುರಿಸಿದಾಗ ಏನು ಮಾಡುತ್ತಾರೆಂದು ಊರವರೆಲ್ಲ ನೋಡುತ್ತೇವೆ. ಷಡಾಕ್ಷರಿಗಂತೂ ಇದು ಕಡಿಮೆಯೇ, ಏಕೆಂದರೆ ಆ ದಿನ ಅವರು

ಆ ದಿನ ಅವರು ಕೇಳಲೇ ಇಲ್ಲ.

ನಾನು ೨೨೯೧ರವನಲ್ಲ. ನಾನೇ ಪರಮಶಿವಯ್ಯ. ಭಾವ ಅವತ್ತು ಕಾಫಿ ಕುಡಿದು, ಕೈಯ ವಿಷಯವನ್ನೇ ಎತ್ತದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನೇ ಹಿಂದಿನಿಂದ ಕರೆದೆ: “ಏನ್ ಭಾವ, ಕೈ ನೋಡ್ದೇ ಹೊಂಟ್ರಲ್ಲ?” ಅವರು, “ಬ್ಯಾಡ ಸುಮ್ಕಿರಪ್ಪ, ಆ ಮೇಡಮ್ಮು ಬೈತಾರಂತೆ” ಎಂದರು. ಅಷ್ಟರಲ್ಲಿ ನಾನು ಎತ್ತಿದ್ದೆ.

ಒಂಬತ್ತು ದಿನವಾಯಿತು. ಭಾವನೂ ಬಾಯಿ ಬಿಟ್ಟಿಲ್ಲ, ನಾನು ಹೆಂಡತಿಗೂ ಹೇಳಿಲ್ಲ. ಕಳೆದ ವಾರ ಮೇಡಂ “ಹೇಗಿದೆ” ಎಂದಾಗ “ಚೆನ್ನಾಗಿದೆ” ಎಂದುಬಿಟ್ಟೆ. ಈಗ ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು, ವ್ಯಾಯಾಮದ ಹಾಳೆಗಳ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಹೆಸರು ನನ್ನದು. ಒಳಗೆ ಹೋದರೆ ಬಾಯಿ ಮತ್ತೆ “ಚೆನ್ನಾಗಿದೆ” ಎನ್ನುತ್ತದೆ, ಅದರ ಅಭ್ಯಾಸ ನನಗೆ ಗೊತ್ತು. ಆದ್ದರಿಂದ ಮೇಡಂ, ನಾನು ಏನೂ ಮಾತಾಡುವುದಿಲ್ಲ. ಈ ಹಾಳೆಗಳನ್ನೇ ನಿಮ್ಮ ಕೈಗೆ ಕೊಡುತ್ತೇನೆ. ಕೊನೆಯ ಭಾಗವನ್ನು ಮೊದಲು ಓದಿ.