ಹೂಂಗುಡುವವರಿಲ್ಲದ ಕತೆ

ಅತ್ತಿಗೆ,

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದವಳು ನೀನು. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಊರಿಗೆಲ್ಲ ಕತೆ ಹೇಳುವ ನಿನ್ನ ಮೈದುನನಿಗೆ, ನಿನಗೆ ಹೇಳಬೇಕಾಗಿದ್ದ ಒಂದು ಮಾತು ಮಾತ್ರ ಬಾಯಿಗೆ ಬರಲೇ ಇಲ್ಲ.

ನೀನು ಮದುವೆಯಾಗಿ ಬಂದ ವರ್ಷ ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿದ್ದೆ. ಬರುತ್ತಿದ್ದ ವಿದ್ಯೆ ಒಂದೇ, ಅಜ್ಜಿ ಕಲಿಸಿದ ಕತೆಗಳು. ಕತೆಗೆ ಒಬ್ಬರು ಹೂಂಗುಡಬೇಕು, ಇಲ್ಲದಿದ್ದರೆ ಅದು ದಾರಿಯಲ್ಲೇ ನಿಂತುಬಿಡುತ್ತದೆ ಅನ್ನುತ್ತಿದ್ದಳು ಅಜ್ಜಿ. ಆ ಕೆಲಸ ನಿನ್ನದಾಯಿತು. ಸೊಪ್ಪು ಸೋಸುತ್ತಾ, ರೊಟ್ಟಿ ತಟ್ಟುತ್ತಾ, “ಹೂಂ, ಆಮೇಕೆ?” ಅನ್ನುತ್ತಿದ್ದೆ. ನಿನ್ನ ಆ ಹೂಂ ಇಲ್ಲದಿದ್ದರೆ ನಾನು ಕತೆಗಾರನಾಗುತ್ತಿದ್ದೆನೇ?

ಬೆಂಗಳೂರಿನ ಆ ಆಸ್ಪತ್ರೆಯಿಂದ ಮೊದಲ ಸಲ ಹೊರಗೆ ಬಂದಾಗಿನ ನಿನ್ನ ಮುಖ ನೆನಪಿದೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಿನ್ನ ಮದುವೆಯಾಗಿ ಹದಿಮೂರು, ಮಡಿಲು ಇನ್ನೂ ತುಂಬಿರಲಿಲ್ಲ. ಅಣ್ಣ ರಾಗಿ ಕಣ ಬಿಟ್ಟು ಬರಲಾಗದೆ ನನ್ನನ್ನು ಜೊತೆಗೆ ಕಳಿಸಿದ್ದ. ನಿನ್ನ ಒಡಲಲ್ಲಿ ಅಂಡಗಳು ಬೇಕಾದಷ್ಟಿವೆ, ಆದರೆ ಒಂದೂ ಬಲಿಯುತ್ತಿಲ್ಲ ಎಂದಿದ್ದರು ಡಾಕ್ಟರಮ್ಮ. ಬಲಿಸಲೆಂದು ಸೂಜಿ ಹೆಚ್ಚು ಕೊಟ್ಟರೆ ಎಲ್ಲವೂ ಒಟ್ಟಿಗೆ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ನಿನ್ನ ಜೀವಕ್ಕೇ ಸಂಚಕಾರ. ಅದಕ್ಕೆ ಎಳೆಯದಾಗಿಯೇ ಹೊರಗೆ ತೆಗೆದು, ಗಾಜಿನ ತಟ್ಟೆಯಲ್ಲಿಟ್ಟು, ಮೈಯ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯೊಳಗೆ ಒಂದು ದಿನ ಬಲಿಸುತ್ತಾರಂತೆ. ಬಲಿತವನ್ನು ಅಣ್ಣನ ಬೀಜದ ಜೊತೆ ಕೂಡಿಸಿ, ಭ್ರೂಣವಾದ ಮೇಲೆ ನಿನ್ನ ಗರ್ಭಕ್ಕೆ ಬಿಡುತ್ತಾರಂತೆ. ನನಗೆ ತಲೆಬುಡ ತಿಳಿಯಲಿಲ್ಲ. ನೀನು ಬಸ್ಸಿನಲ್ಲಿ ನಕ್ಕುಬಿಟ್ಟೆ. “ಇದ್ರಲ್ಲೇನ್ಲಾ ಐತೆ? ಬಾಳೆಕಾಯಿ ಅಡೆ ಹಾಕ್ದಂಗೆ ಕಣ. ಗಿಡದಲ್ಲಿ ಅಣ್ಣಾಗ್ದಿದ್ರೆ ಉಲ್ಲೊಳಗೆ ಅಣ್ಣಾಯ್ತದೆ.” ಆಮೇಲೆ ದನಿ ತಗ್ಗಿಸಿ, “ಊರಲ್ಲಿ ಮಾತ್ರ ಬಾಯ್ಬುಡ್‌ಬ್ಯಾಡ ರಂಗ, ನಿನ್ ದಮ್ಮಯ್ಯ” ಅಂದೆ. ನಾನು ನಿನ್ನ ಕೈ ಮುಟ್ಟಿ ಹೂಂ ಅಂದಿದ್ದೆ.

ಒಂಬತ್ತು ಎಳೆ ಅಂಡ ತೆಗೆದರು. ಆಗ ಎರಡು ದಿನ ಅಣ್ಣನೂ ಬಂದಿದ್ದ. ನಾವು ಮೂವರೂ ಊರಿಗೆ ಮರಳಿದ ಮಧ್ಯಾಹ್ನ ನನ್ನ ಮೊಬೈಲಿಗೆ ಫೋನು ಬಂತು: ಐದು ಬಲಿತವು, ನಾಲ್ಕು ಭ್ರೂಣವಾಗುತ್ತಿವೆ, ಗರ್ಭಕ್ಕೆ ಬಿಡಲು ನಾಡಿದ್ದು ತಪ್ಪದೆ ಬನ್ನಿ. ಸಂಜೆ ನಮ್ಮ ಜಗಲಿಯಲ್ಲಿ ಐದಾರು ಹೆಂಗಸರು ನಿನ್ನ ಜೊತೆ ಅವರೆಕಾಳು ಹಿದುಕುತ್ತಾ ಕೂತಿದ್ದರು. “ರಂಗಣ್ಣ, ಒಂದ್ ಒಸ ಕತೆ ಯೋಳಪ್ಪ. ಅಳೇವ್ನೇ ಎಷ್ಟ್ ದಿನ ಕುಟ್ಟೀಯೆ?” ಎಂದು ಎದುರುಮನೆ ಪುಟ್ಟಮ್ಮ ಕೆಣಕಿದಳು. ನನ್ನೊಳಗೆ ಸಂತೋಷ ಉಕ್ಕುತ್ತಿತ್ತು. ಕತೆಯಾಗಿ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಒಬ್ಬಳು ರಾಣಿ, ಅವಳ ಒಡಲಲ್ಲಿ ಹಣ್ಣಾಗದ ಒಂಬತ್ತು ಕಾಯಿ, ಬಿಳಿ ಸೀರೆಯ ತಪಸ್ವಿನಿಯೊಬ್ಬಳು ಅವನ್ನು ಕಿತ್ತು ಗಾಜಿನ ಪೆಟ್ಟಿಗೆಯಲ್ಲಿ ಅಡೆ ಹಾಕಿದಳು. ನೀನು ಹೂಂ ಅಂದೆ, ಮೊದಲೆರಡು ಸಲ. ನಿನ್ನ ಕಣ್ಣು ಬೇಡ ಅನ್ನುತ್ತಿತ್ತೇ? ನಾನು ನೋಡಲಿಲ್ಲ. ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಆ ಅಮಲು ನಿನಗೆ ಗೊತ್ತಲ್ಲ. ನಗಿಸಬೇಕೆಂದು ಒಂದು ಮಾತು ಸೇರಿಸಿದೆ: “ಆ ರಾಣಿ ರಥ ಬುಟ್ಬುಟ್ಟು ಚನ್ನರಾಯಪಟ್ಣದ ಬಸ್ಸು ಅತ್ತುದ್ಲು!”

ಎಲ್ಲರೂ ಹೋ ಎಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿನ್ನ ಕಡೆ ತಿರುಗಿದರು. ಬೆಂಗಳೂರಿನ ದಾರಿಯ ಆ ಬಸ್ಸನ್ನು ಆ ತಿಂಗಳಲ್ಲಿ ಮತ್ತೆ ಮತ್ತೆ ಹತ್ತಿದವಳು ಊರಿಗೆ ನೀನೊಬ್ಬಳೇ. ನೀನು ಅವರೆಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಕತೆ ಅಲ್ಲಿಗೆ ನಿಲ್ಲಬೇಕಿತ್ತು. ಪುಟ್ಟಮ್ಮ ಹೂಂ ಅಂದಳು. ನಾನು ಮುಂದುವರಿಸಿದೆ.

ಹೊರಡಬೇಕಾದ ಬೆಳಿಗ್ಗೆ ನಿನ್ನ ಕೈಯಲ್ಲಿ ಬಟ್ಟೆಯ ಚೀಲವಿತ್ತು, ಮುಡಿಯಲ್ಲಿ ಸೇವಂತಿಗೆ. ಬಿಂದಿಗೆ ಹೊತ್ತು ಬಂದ ಪುಟ್ಟಮ್ಮ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, “ಏನವ್ವ ರಾಣಿ, ನಿನ್ ಅಡೆ ಅಣ್ಣಾಯ್ತಾ? ನಮ್ಗೂ ಒಂದ್ ಚಿಪ್ಪು ಕೊಡು” ಅಂದಳು. ಕೆಟ್ಟವಳಲ್ಲ ಅವಳು, ಆ ಮಾತನ್ನು ಅವಳ ಬಾಯಿಗೆ ಇಟ್ಟವನು ನಾನು. ಬಸ್ಸು ಬಂತು. ಅಣ್ಣ ಹತ್ತಿದ. ನಾನು ನಿನ್ನ ಚೀಲಕ್ಕೆ ಕೈ ಹಾಕಿದೆ, ನೀನು ಬಿಡಲಿಲ್ಲ. “ನಾಳೀಕೆ ಕೂಸ್ನ ಎತ್ಕಂಡ್ರೂ ಇಂಗೇ ನಗ್ತಾರೆ ಕಣ್ಲಾ. ನನ್ ನೋಡಿ ನಕ್ರೆ ತಡ್ಕತೀನಿ. ಅದ್ನ ನೋಡಿ ನಗಾದ್ ಬ್ಯಾಡ” ಅಂದು ಮನೆ ಕಡೆ ತಿರುಗಿದೆ. ಅಣ್ಣ ಇಳಿದು ಬಂದು ಬೈದ, ಬೇಡಿಕೊಂಡ. ಸಂಜೆ ಆಸ್ಪತ್ರೆಯವರ ಫೋನು ಎತ್ತಿದವನು ನಾನೇ. ಭ್ರೂಣಗಳನ್ನು ಕೆಡದಂತೆ ಕಾದಿಡುವ ಅನುಕೂಲ ಆಗ ಅಲ್ಲಿರಲಿಲ್ಲ. ನಾಲ್ಕಿದ್ದವು, ಅತ್ತಿಗೆ. ಆ ನಾಲ್ಕರಲ್ಲಿ ಒಂದಾದರೂ…

ಆಮೇಲೆ ನೀನು ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ಅದೇ ಮುದ್ದೆ, ಅದೇ ಸಾರು, ಅದೇ “ಇನ್ನೊಸಿ ಬುಡ್ಲಾ?” ಆದರೆ ನಾನು ಕತೆಗೆ ಕೂತರೆ ಸಾಕು, ನಿನಗೆ ಕೊಟ್ಟಿಗೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಎರಡು ವರ್ಷ ಕಳೆದು ಜ್ವರದಲ್ಲಿ ನೀನು ಹಾಸನದ ಆಸ್ಪತ್ರೆ ಸೇರಿದಾಗ, ತಪ್ಪಾಯಿತು ಅನ್ನಲೆಂದೇ ಬಂದಿದ್ದೆ. ನಿನ್ನ ಮಂಚದ ಪಕ್ಕ ಕೂತು ಹೇಳಿದ್ದೇನು? ದಾರಿಯಲ್ಲಿ ಬಸ್ಸು ಕೆಟ್ಟು ನಿಂತ ಕತೆ. ನರ್ಸುಗಳೂ ನಕ್ಕರು. ನೀನು ಕಣ್ಣು ಮುಚ್ಚಿಕೊಂಡೇ ಇದ್ದೆ. ನಾಳೆ ಹೇಳಿದರಾಯಿತು ಎಂದು ಎದ್ದು ಬಂದೆ. ಬೆಳಗಾಗುವಷ್ಟರಲ್ಲಿ ನೀನೇ ಇರಲಿಲ್ಲ.

ಹೋದ ವರ್ಷ ಪುಟ್ಟಮ್ಮನ ಸೊಸೆ ಶೋಭಾ ತೆಂಗಿನ ತೋಟದ ಬದುವಿನಲ್ಲಿ ನನ್ನನ್ನು ತಡೆದಳು. “ರಂಗಮಾವ, ನಂಗೂ ನಿಮ್ಮತ್ಗೆಗಿದ್ದಂಗೇ ಅಂತೆ. ಆ ಆಸ್ಪತ್ರೆ ತೋರುಸ್ತೀರಾ? ಆದ್ರೆ ನಿಮ್ ಬಾಯಿ…” ಅವಳು ಮುಗಿಸಲಿಲ್ಲ. ಮುಗಿಸಬೇಕಾಗಿರಲಿಲ್ಲ. ಚನ್ನರಾಯಪಟ್ಟಣದ ಬಸ್ಸಿನ ಗೊಡವೆಯೇ ಬೇಡವೆಂದು, ಎದುರು ದಿಕ್ಕಿನ ಅರಕಲಗೂಡಿನ ಬಸ್ಸು ಹತ್ತಿ, ಹಾಸನ ಸುತ್ತಿಕೊಂಡು ಅವಳನ್ನೂ ಗಂಡನನ್ನೂ ಬೆಂಗಳೂರಿಗೆ ಕರೆದೊಯ್ಯುತ್ತಿದ್ದೆ. ಪುಟ್ಟಮ್ಮ “ಎಲ್ಗಪ್ಪ ಮೂವ್ರೂ?” ಎಂದಾಗಲೆಲ್ಲ “ರುದ್ರಪಟ್ಣಕ್ಕೆ, ಸಂಗೀತ ಕೇಳಾಕೆ” ಅನ್ನುತ್ತಿದ್ದೆ. “ದನ ಕೂಗಿದ್ರೂ ತಿರುಗಿ ನೋಡ್ದಿರೋನ್ಗೆ ಸಂಗೀತವಂತೆ!” ಎಂದು ಊರಿಗೆಲ್ಲ ಹೇಳಿ ನಗಿಸಿದಳು. ಈ ಸಲ ಆ ನಗು ನನ್ನ ಪಾಲಿಗೆ ಬಂತು. ಹಿತವಾಗಿತ್ತು.

ಶೋಭಾಳವೂ ಗಾಜಿನ ತಟ್ಟೆಯಲ್ಲೇ ಬಲಿತವು. ಹೋದ ತಿಂಗಳು ಹೆಣ್ಣುಮಗು. ಪುಟ್ಟಮ್ಮ ಸಕ್ಕರೆ ಹಂಚುತ್ತಾ ಬಂದು ನಮ್ಮ ಜಗಲಿಯಲ್ಲಿ, ನೀನು ಕೂರುತ್ತಿದ್ದ ಜಾಗದಲ್ಲೇ ಕೂತು, ತಾನು ಹೊತ್ತ ಹರಕೆ, ಮಾಡಿದ ಉಪವಾಸ, ಹಾಕಿದ ಪ್ರದಕ್ಷಿಣೆ ಎಲ್ಲವನ್ನೂ ಹೇಳತೊಡಗಿದಳು. ಕತೆ ಹೇಳುವುದರಲ್ಲಿ ಅವಳೂ ಕಡಿಮೆಯಿಲ್ಲ. ನಿನ್ನ ಅಡೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾನು ಹೂಂ ಅಂದೆ. ಅವಳು ಹೇಳಿ ಮುಗಿಸುವವರೆಗೂ ಹೂಂ ಅನ್ನುತ್ತಲೇ ಇದ್ದೆ.

ಈ ಕತೆಯನ್ನು ಇನ್ಯಾರಿಗೂ ಹೇಳುವುದಿಲ್ಲ. ನಿನಗೊಬ್ಬಳಿಗೆ ಹೇಳಿದ್ದೇನೆ. ತಪ್ಪಾಯಿತು ಅನ್ನುವುದೂ ಇದರೊಳಗೇ ಇದೆ. ಒಂದು ಸಲ ಹೂಂ ಅನ್ನು, ಅತ್ತಿಗೆ.

ನಿನ್ನ ಮೈದುನ,
ರಂಗ